ಹಳೆಯ ಗಾಡಿ, ಬದಲಿ ಭಾಗ

ಕೊಡಲಿಗೆ ಕಾವು, ಕುಂಟೆಗೆ ಕುಡ, ಮಾಳಿಗೆಗೆ ಜಂತಿ ಬದಲಿಸುವಾಗ ಯಾರೂ ಧರ್ಮಜಿಜ್ಞಾಸೆಗೆ ತೊಡಗುವುದಿಲ್ಲ. ಸವೆದುದನ್ನು ತೆಗೆದು ಹೊಸತನ್ನು ಹಾಕುತ್ತಾರೆ, ಕೆಲಸ ಮುಂದುವರಿಯುತ್ತದೆ. ಆದರೆ ಆ ವಸ್ತು ಹಿರಿಯರಿಂದ ಬಂದುದಾಗಿದ್ದು, ಅದನ್ನು ಮಾಡಿದ ಕಾರ್ಖಾನೆಯೇ ಮುಚ್ಚಿಹೋಗಿದ್ದರೆ, ಒಂದು ಚಿಕ್ಕ ಭಾಗವನ್ನು ಬದಲಿಸುವಾಗಲೂ ಮನಸ್ಸು ಹಿಂದುಮುಂದು ನೋಡುತ್ತದೆ. ಇಂತಹ ಇಕ್ಕಟ್ಟಿನಲ್ಲಿ ನಮ್ಮ ಕರ್ತವ್ಯ ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆ ನಮ್ಮನ್ನು ಕೆಲವು ತಿಂಗಳು ಕಾಡಿತು.

ನಮ್ಮ ತೀರ್ಥರೂಪರು ನಾರಾಯಣಖೇಡದ ಕಡೆ ಕನ್ನಡ ಶಾಲಾ ಶಿಕ್ಷಕರಾಗಿದ್ದರು. 1986ರಲ್ಲಿ ಅವರು ಒಂದು ಯೆಜ್ಡಿ ರೋಡ್‌ಕಿಂಗ್ ಮೋಟಾರು ಸೈಕಲನ್ನು ಕೊಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ, ಮೊದಲು ಚೆಕೊಸ್ಲೊವಾಕಿಯ ದೇಶದ ಜಾವಾ ಹೆಸರಿನಿಂದಲೂ ಅನಂತರ ಯೆಜ್ಡಿ ಎಂಬ ತನ್ನದೇ ಹೆಸರಿನಿಂದಲೂ ಗಾಡಿಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಒದ್ದು ಚಾಲನೆ ಮಾಡುವ ಕೋಲೇ ಗೇರು ಬದಲಿಸುವ ಕೋಲೂ ಆಗಿರುವ ವಿಚಿತ್ರ ಗಾಡಿ ಇದು. ಪಂದ್ಯಗಳಲ್ಲಿ ಓಡಿ ಹೆಸರು ಮಾಡಿದ ಜಾತಿ. ನಮ್ಮ ತಂದೆಯವರು ಮಾತ್ರ ಅದನ್ನು ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ಓಡಿಸಿದುದನ್ನು ನಾವು ಕಾಣೆವು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಪೇಟೆಗೆ ಮರಳಿ ಬಂದುವು ನಿಜ. ಆದರೆ ಅವು ಬೇರೆಯೇ ಯಂತ್ರಗಳು, ಹೆಸರು ಮಾತ್ರ ಹಳೆಯದು.

ಈಗ ನಾವು ಅದೇ ಗಾಡಿಯ ಮೇಲೆ ಜಹೀರಾಬಾದಿನಿಂದ ನಮ್ಮ ಶಾಲೆಯ ಹಳ್ಳಿಗೆ ಹೋಗಿಬರುತ್ತೇವೆ. ತಿಂಗಳಿಗೊಮ್ಮೆ ತಾಯಿಯವರನ್ನು ಹಿಂದೆ ಕೂಡಿಸಿಕೊಂಡು ಬೀದರಿಗೆ ಔಷಧಕ್ಕೆ ಹೋಗುವುದೂ ಉಂಟು. ಕಳೆದ ಮಳೆಗಾಲದಲ್ಲಿ ಹಿಂದಿನ ಎರಡೂ ಶಾಕಪ್‌ಗಳು ಸೋತುವು. ಶಾಕ್ ಅಬ್ಸಾರ್ಬರ್ ಎಂಬ ಉದ್ದ ಹೆಸರನ್ನು ನಮ್ಮ ಕಡೆಯ ಮಿಸ್ತ್ರಿಗಳು ಹೀಗೆ ಮೊಟಕು ಮಾಡಿದ್ದಾರೆ, ನಾವೂ ಹಾಗೆಯೇ ಕರೆಯುತ್ತೇವೆ.

ಇದು ಮಾಡುವ ಕೆಲಸವನ್ನು ವಿದ್ಯಾರ್ಥಿಗಳು ಅರಿಯುವುದು ಒಳ್ಳೆಯದು. ಪೆಟ್ಟನ್ನು ನುಂಗುವುದು ಇದೇ ಎಂದು ಅನೇಕರು ತಿಳಿದಿದ್ದಾರೆ, ಹೆಸರೂ ಹಾಗೆಯೇ ಇದೆ. ವಾಸ್ತವವಾಗಿ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು ಹೊರಗಿನ ಸುರುಳಿ ಸ್ಪ್ರಿಂಗು. ಆದರೆ ಕುಗ್ಗಿದ ಸ್ಪ್ರಿಂಗು ಸುಮ್ಮನೆ ಇರುವುದಿಲ್ಲ, ಮೇಲಕ್ಕೆ ಚಿಮ್ಮುತ್ತದೆ, ಮತ್ತೆ ಕುಗ್ಗುತ್ತದೆ. ಒಂದು ಕುಣಿಗೆ ಹತ್ತು ಜಿಗಿತ. ಈ ಜಿಗಿತವನ್ನು ಅಡಗಿಸುವುದು ಒಳಗಿನ ಕೊಳವೆ. ಅದರಲ್ಲಿ ಎಣ್ಣೆಯಿದ್ದು, ದಂಡದ ತುದಿಯ ಬಿಲ್ಲೆ ಚಲಿಸಿದಾಗ ಆ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಪ್ರಯಾಸದಿಂದ ಹಾಯಬೇಕಾಗುತ್ತದೆ. ಜಿಗಿತದ ಶಕ್ತಿ ಹೀಗೆ ಬಿಸಿಯಾಗಿ ಕರಗುತ್ತದೆ. ಸೀಲು ಹರಿದು ಎಣ್ಣೆ ಸೋರಿಹೋದರೆ ಸ್ಪ್ರಿಂಗು ಮಾತ್ರ ಉಳಿಯುತ್ತದೆ. ಆಸನವನ್ನು ಒತ್ತಿ ಕೈಬಿಟ್ಟು ನೋಡಿದರೆ ಸಾಕು: ಒಂದು ಸಲ ಮೇಲೆದ್ದು ನಿಂತರೆ ಕ್ಷೇಮ, ತೊಟ್ಟಿಲಿನಂತೆ ತೂಗಿದರೆ ಕೊಳವೆ ಬರಿದಾಗಿದೆ ಎಂದೇ ಅರ್ಥ. ನಮ್ಮದು ತೂಗುತ್ತಿತ್ತು.

ಹಳೆಯ ಜೋಡಿಯನ್ನೇ ಬಿಚ್ಚಿ ಹೊಸ ಸೀಲು, ಹೊಸ ಎಣ್ಣೆ ಹಾಕಿಸುವುದು ನಮ್ಮ ಮೊದಲ ಆಸೆಯಾಗಿತ್ತು. ಮಿಸ್ತ್ರಿಯವರು ಬಿಚ್ಚಿ ತೋರಿಸಿದರು. ದಂಡದ ಮೇಲೆ ತುಕ್ಕು ತಿಂದ ಗುಳಿಗಳು. "ಮಾಸ್ತರ್ರೇ, ಈ ದಂಡದ ಮ್ಯಾಲ ಎಂಥಾ ಸೀಲ್ ಹಾಕಿದ್ರೂ ಹರಿತದ," ಎಂದರು. ಆ ಆಸೆ ಅಲ್ಲಿಗೆ ಮುಗಿಯಿತು.

ಆಗ ನಾವು ದೊಡ್ಡ ನಗರವೊಂದರ ಹಳೆಯ ಬಿಡಿಭಾಗಗಳ ಅಂಗಡಿಗೆ ಹೋದೆವು. ಕಾರ್ಖಾನೆಯ ಕಾಲದ್ದು, ಪೆಟ್ಟಿಗೆಯನ್ನು ತೆರೆದೇ ಇಲ್ಲ ಎಂದು ಹೇಳಿ ಅಂಗಡಿಯವರು ಒಂದು ಜೋಡಿಯನ್ನು ಕೊಟ್ಟರು. ಅದರ ಮೇಲೆ ಮುದ್ರೆಯಿತ್ತು. ಆ ಮುದ್ರೆಯನ್ನು ಕಂಡಾಗ ನಮಗೆ ಆದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಕೇಳಿದಷ್ಟು ಹಣ ಕೊಟ್ಟು ಬಂದೆವು. ಎರಡು ತಿಂಗಳೊಳಗೆ ಎಣ್ಣೆ ಜಿನುಗಿತು, ಬಣ್ಣ ಸುಲಿಯಿತು, ಮುದ್ರೆಯೂ ಇತ್ತೀಚೆಗೆ ಒತ್ತಿದುದೆಂದು ತಿಳಿಯಿತು. ನಮಗೆ ಮೋಸವಾಯಿತೆಂಬುದು ಸಣ್ಣ ಮಾತು. ಮೋಸಕ್ಕೆ ಒಳಗಾಗಲು ನಾವು ಸಿದ್ಧರಾಗಿಯೇ ಹೋಗಿದ್ದೆವು ಎಂಬುದು ದೊಡ್ಡ ಮಾತು. ನಾವು ಕೊಂಡದ್ದು ಹೆಸರನ್ನು, ಎಣ್ಣೆಯ ಕೊಳವೆಯನ್ನಲ್ಲ. ಒಂದು ವೇಳೆ ಅದು ನಿಜವಾಗಿ ಕಾರ್ಖಾನೆಯ ಕಾಲದ್ದೇ ಆಗಿದ್ದರೂ, ಪೆಟ್ಟಿಗೆಯಲ್ಲಿ ಮೂವತ್ತು ವರ್ಷ ಕುಳಿತ ರಬ್ಬರಿನ ಸೀಲು ಒಣಗಿ ಬಿರಿಯದೆ ಇರುತ್ತಿತ್ತೆ? ಆ ವಿಚಾರ ಆಗ ನಮಗೆ ಹೊಳೆಯಲೇ ಇಲ್ಲ.

ಭಾಗಗಳೆಲ್ಲ ಬದಲಾದ ವಸ್ತು ಹಳೆಯದೇ ಹೌದೆ ಎಂಬ ಚರ್ಚೆ ಪುರಾತನವಾದುದು. ಅಥೆನ್ಸಿನವರು ಥೀಸಿಯಸನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದುದನ್ನೂ, ಪಂಡಿತರು ಅದರ ಬಗ್ಗೆ ವಾದಿಸಿದುದನ್ನೂ ಪ್ಲೂಟಾರ್ಕನು ಬರೆದಿದ್ದಾನೆ. ನಮ್ಮ ದೇಶದಲ್ಲಿ ಭಿಕ್ಷು ನಾಗಸೇನನು ರಾಜ ಮಿಲಿಂದನಿಗೆ ರಥದ ದೃಷ್ಟಾಂತವನ್ನೇ ಕೊಟ್ಟನು: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಎಲ್ಲವೂ ಕೂಡಿದಾಗ ನಾವಿಡುವ ಹೆಸರು ರಥ. ಇವೆರಡೂ ಗಹನವಾದ ಮಾತುಗಳು. ಆದರೆ ಹಡಗಿನ ಚರ್ಚೆಯಲ್ಲಾಗಲಿ ರಥದ ಚರ್ಚೆಯಲ್ಲಾಗಲಿ ಅದರಲ್ಲಿ ಕುಳಿತು ಹೋಗುವವರ ಪ್ರಸ್ತಾಪ ಮುಖ್ಯವಾಗುವುದಿಲ್ಲ.

ನಮಗೆ ಆ ಪ್ರಸ್ತಾಪವನ್ನು ಎತ್ತಿದವರು ತಾಯಿಯವರು. ಎರಡನೆಯ ಜೋಡಿಯೂ ಸೋತ ಬಳಿಕ ಒಂದು ದಿನ ಬೀದರಿನಿಂದ ಮರಳಿ ಅಂಗಳದಲ್ಲಿ ಇಳಿದವರು ಸೊಂಟವನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಮತ್ತೆ ಹಳೆಯ ಭಾಗವನ್ನೇ ಹುಡುಕುತ್ತೇವೆ, ಅಪ್ಪನ ಗಾಡಿ ಅಪ್ಪನ ಗಾಡಿಯಂತೆಯೇ ಇರಬೇಕು ಎಂದು ನಾವು ಹೇಳಿದೆವು. ಅವರು, "ಗಾಡಿ ನಿಮ್ಮಪ್ಪಂದು ಖರೆ ತಮ್ಮಾ, ನಡಾ ಮಾತ್ರ ನಂದು," ಎಂದು ಒಳಗೆ ನಡೆದರು.

ಎತ್ತಿನ ಬಂಡಿಗೆ ಕಬ್ಬಿಣದ ಪಟ್ಟಿಯ ಮರದ ಗಾಲಿಗಳನ್ನು ತೆಗೆದು ಟೈರು ಹಾಕಿದಾಗ ನಮ್ಮ ಸೀಮೆಯ ರೈತರು ಇದು ಅಜ್ಜನ ಬಂಡಿಯೇ ಹೌದೆ ಎಂದು ಕೇಳಲಿಲ್ಲ. ಕಬ್ಬು ತುಂಬಿದರೆ ಎತ್ತಿನ ಹೆಗಲಿಗೆ ಹಗುರವೆ ಎಂದು ಕೇಳಿದರು. ಓದು ಬಾರದವರಿಗೆ ಹೊಳೆದುದು ತರಬೇತಿ ಪಡೆದ ಶಿಕ್ಷಕರಿಗೆ ಹೊಳೆಯಲಿಲ್ಲ.

ಹಾಗೆಂದು ಸಿಕ್ಕಿದ್ದನ್ನೆಲ್ಲ ತೊಡಿಸಬಹುದೆಂದು ಅರ್ಥವಲ್ಲ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಚಿಕ್ಕ ಓಟದ ಕಾರಿನ ಒಡೆಯರಲ್ಲಿ ಇದೇ ವಿವಾದವುಂಟು. ಅದರ ಹಳೆಯ ಶಾಕಪ್ ಕೊಳವೆಯಲ್ಲ, ತೋಳುಳ್ಳ ಎಣ್ಣೆಯ ಪೆಟ್ಟಿಗೆ. ಅದನ್ನು ಕಿತ್ತು ಹೊಸ ಮಾದರಿಯ ಕೊಳವೆ ಹಾಕೋಣವೆಂದು ಕೆಲವರು, ಬೇಡವೆಂದು ಕೆಲವರು. ಆದರೆ ಮುಂದಿನ ಗಾಲಿಗಳಲ್ಲಿ ಆ ತೋಳು ಗಾಲಿಯನ್ನು ಹಿಡಿದಿಡುವ ಮೇಲಣ ಅಂಗವೂ ಆಗಿದೆ. ಅಲ್ಲಿ ಕೈಯಿಟ್ಟರೆ ಕಾರಿನ ಕಟ್ಟಡಕ್ಕೇ ಕೈಯಿಟ್ಟಂತೆ. ನಮ್ಮ ಗಾಡಿಯಲ್ಲಿಯೂ ಶಾಕಪ್ ಒಂದು ಅಂಗುಲ ಉದ್ದವಾದರೆ ಹಿಂಭಾಗ ಏರುತ್ತದೆ, ಮುಂಗಾಲಿಯ ಓರೆ ಬದಲಾಗುತ್ತದೆ, ಸರಪಳಿಯ ಬಿಗಿ ತಪ್ಪುತ್ತದೆ. ಸ್ಪ್ರಿಂಗು ಅತಿ ಬಿರುಸಾದರೆ ಪೆಟ್ಟು ನೇರವಾಗಿ ಚೌಕಟ್ಟಿಗೂ ಕುಳಿತವರಿಗೂ ಬೀಳುತ್ತದೆ. ಆದುದರಿಂದ ಮೈಸೂರಿನ ಕೆಲಸಗಾರರು ಇಟ್ಟ ಅಳತೆಯನ್ನು ಗೌರವಿಸಲೇಬೇಕು. ಅವರ ಮುದ್ರೆಯನ್ನು ಪೂಜಿಸಬೇಕಾಗಿಲ್ಲ.

ಈ ವಿವೇಚನೆ ನಮ್ಮ ಶಾಲೆಗಳ ವಿಷಯದಲ್ಲಿಯೂ ನಮಗೆ ಆಗಾಗ ನೆನಪಾಗುತ್ತದೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಜಹೀರಾಬಾದ್ ಮತ್ತು ನಾರಾಯಣಖೇಡ, ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದುವು. 2014ರಲ್ಲಿ ತೆಲಂಗಾಣವಾಯಿತು. ಪುಸ್ತಕ ಬದಲಾದುವು, ಪರೀಕ್ಷೆ ಬದಲಾಯಿತು, ಹಾಜರಿಪುಸ್ತಕದ ಲಿಪಿಯೂ ಬದಲಾಯಿತು. 2022-23ರಲ್ಲಿ ಸರಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂದ ಮೇಲೆ ನಮ್ಮ ಪಾಲಕರಲ್ಲಿಯೂ ವಾದವೆದ್ದಿದೆ. ಎಲ್ಲವೂ ಮೊದಲಿನಂತೆಯೇ ಇರಲಿ ಎನ್ನುವವರೂ ಎಲ್ಲವನ್ನೂ ಕಿತ್ತುಹಾಕಿ ಎನ್ನುವವರೂ ಗಾಡಿಯ ಮಾತನ್ನೇ ಆಡುತ್ತಾರೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಮತ್ತು ದಖನಿ ಆಡುವ ಏಳು ವರ್ಷದ ಮಗುವಿನ ನಡುವಿಗೆ ಯಾವುದು ಸಹ್ಯ? ತಾಯಿನುಡಿಯೇ ಆ ಕಟ್ಟಡದ ಚೌಕಟ್ಟು ಎಂದು ನಾವು ನಂಬುತ್ತೇವೆ. ಆದರೆ ಹಳೆಯ ಮುದ್ರೆಯ ಒಣಗಿದ ಪಾಠಗಳನ್ನೇ ಕೊಡುತ್ತ ಇದು ನಿಷ್ಠೆ ಎಂದು ನಾವು ಶಿಕ್ಷಕರು ಎಷ್ಟೋ ಸಲ ಹೇಳಿಕೊಂಡಿದ್ದೇವಲ್ಲ!

ಅದು ಹಾಗಿರಲಿ. ಕಡೆಗೆ ನಾವು ಹಳೆಯದರ ಎರಡು ಕಣ್ಣುಗಳ ನಡುವಣ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು, ಅಷ್ಟೇ ಉದ್ದದ, ಇಬ್ಬರ ಭಾರಕ್ಕೆ ತಕ್ಕ, ತನ್ನ ತಯಾರಕರ ಹೆಸರನ್ನೇ ಧರಿಸಿದ ಹೊಸ ಜೋಡಿಯನ್ನು ಕೊಂಡೆವು. ನೋಡಲು ಅದು ಹಳೆಯದರಂತಿಲ್ಲ. ಸ್ಪ್ರಿಂಗು ಬಯಲಾಗಿ ಕಾಣುತ್ತದೆ, ತಂದೆಯವರ ಮಿತ್ರರೊಬ್ಬರು ಅದನ್ನು ಕಂಡು ಮುಖ ಸಿಂಡರಿಸಿದರು. ನಮಗೂ ಮೊದಲ ವಾರ ಅದರತ್ತ ನೋಡುವುದು ಕಷ್ಟವಾಯಿತು. ತಾಯಿಯವರು ಬೀದರಿಗೆ ಎರಡು ಸಲ ಹೋಗಿಬಂದಿದ್ದಾರೆ, ಶಾಕಪ್ಪಿನ ಮಾತೆತ್ತಿಲ್ಲ.

ಹಳೆಯ ಜೋಡಿ ಶಾಲೆಯ ಕಪಾಟಿನಲ್ಲಿದೆ. ಐದನೆಯ ತರಗತಿಯ ಮಕ್ಕಳು ಅದರ ದಂಡವನ್ನು ಎಳೆದು ಒತ್ತಿ ಆಡುತ್ತಾರೆ. ಮುಂದಿನ ಫೋರ್ಕಿನ ಸೀಲಿನಿಂದ ಈ ವಾರ ಎಣ್ಣೆ ಜಿನುಗತೊಡಗಿದೆ.