ಮುದ್ರೆಯೂ ಮನುಷ್ಯನೂ

ಬರೆಯುವವನಿಗೆ ಕೀರ್ತಿಯ ಆಶೆಯಿರುವುದು ಹೊಸತೇನೂ ಅಲ್ಲ. ಆಲಂಕಾರಿಕನಾದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಯಶಸ್ಸನ್ನು ಎಲ್ಲಕ್ಕಿಂತ ಮೊದಲು ಹೇಳಿ, ಅದರ ಬೆನ್ನಿಗೇ ಧನಲಾಭವನ್ನು ಇರಿಸಿದನು. ಓದಿದೊಡನೆ ಉಂಟಾಗುವ ಪರಮಾನಂದವೇ ಎಲ್ಲ ಪ್ರಯೋಜನಗಳಿಗೂ ಶಿರೋಮಣಿಯೆಂದವನೂ ಅವನೇ. ಆದರೂ ಕೀರ್ತಿಯನ್ನು ಅವನು ಅಲ್ಲಗಳೆಯಲಿಲ್ಲ. ಆದುದರಿಂದ ಕೀರ್ತಿಯನ್ನು ಬಯಸಿದ ಮಾತ್ರಕ್ಕೆ ಲೇಖಕನು ದೋಷಿಯಾಗುವುದಿಲ್ಲ. ಆದರೆ ಅಲ್ಲಿ ಕೀರ್ತಿಯು ಕೃತಿಯನ್ನು ಹಿಂಬಾಲಿಸಿ ಬರತಕ್ಕ ಫಲವಾಗಿದ್ದಿತು. ಈಗಿನ ಕಾಲದಲ್ಲಿ ಕೇಳಬರುವ ಉಪದೇಶವು ಬೇರೆ ಬಗೆಯದು. ಮೊದಲು ಹೆಸರಿಗೊಂದು ರೂಪವನ್ನು ಕಟ್ಟಬೇಕು, ಜನರು ನೆನಪಿಡುವಂತಹ ಗುರುತೊಂದನ್ನು ಆರಿಸಿಕೊಳ್ಳಬೇಕು, ಬರೆಹವು ಆ ಗುರುತಿಗೆ ಒಪ್ಪುವಂತೆ ಹಿಂದಿನಿಂದ ಬರಬೇಕು ಎಂಬುದೇ ಆ ಉಪದೇಶ.

ಈ ವಿಚಾರವು ಪ್ರಸಿದ್ಧಿಗೆ ಬಂದದ್ದು ವ್ಯಾಪಾರದ ಬೀದಿಯಿಂದ. ಅಮೆರಿಕದ ವ್ಯವಹಾರತಜ್ಞರಾದ ಟಾಮ್ ಪೀಟರ್ಸ್ ಎಂಬವರು 1997ರಲ್ಲಿ ಅಲ್ಲಿಯ ಪತ್ರಿಕೆಯೊಂದರಲ್ಲಿ ಬರೆದ ಲೇಖನದ ಸಾರವೇನೆಂದರೆ, ಸಾಬೂನಿಗೂ ಪಾದರಕ್ಷೆಗೂ ಹೇಗೆ ಬ್ರ್ಯಾಂಡು ಇರುವುದೋ ಹಾಗೆ ಪ್ರತಿಯೊಬ್ಬನೂ ತಾನೇ ಒಂದು ಬ್ರ್ಯಾಂಡಾಗಬೇಕು, ತನ್ನ ಕಂಪೆನಿಗೆ ತಾನೇ ಯಜಮಾನನೆಂದು ತಿಳಿದು ತನ್ನನ್ನು ತಾನು ಮಾರುಕಟ್ಟೆಗೆ ಒಯ್ಯಬೇಕು ಎಂಬುದು. ಉದ್ಯೋಗಸ್ಥರಿಗಾಗಿ ಹೇಳಿದ ಈ ಮಾತು ಈಗ ಕವಿಗಳಿಗೂ ಪ್ರಬಂಧಕಾರರಿಗೂ ಉಪದೇಶವಾಗಿ ಪರಿಣಮಿಸಿದೆ. ಇಂದು ಬರೆಯುವವನ ಅಂಗೈಯಲ್ಲಿಯೇ ಅಚ್ಚುಕೂಟವಿದೆ. ಮೆಚ್ಚಿದವರ ಸಂಖ್ಯೆಯು ಗಳಿಗೆಗಳಿಗೆಗೂ ಕಣ್ಣಿಗೆ ಬೀಳುತ್ತದೆ. ಹದಿನೆಂಟು ವರ್ಷದ ಬಾಲಕನೂ ಬಾಲಕಿಯೂ ಏನನ್ನು ಬರೆಯಲಿ ಎಂದು ಯೋಚಿಸುವುದಕ್ಕೆ ಮುಂಚೆಯೇ, ಎಂತಹ ಲೇಖಕನೆಂದು ಹೆಸರಾಗಲಿ ಎಂದು ಯೋಚಿಸತೊಡಗಿದ್ದಾರೆ. ಇದು ಲೋಕಜ್ಞಾನವೇ, ಅಥವಾ ಇದರಿಂದ ಅಮೂಲ್ಯವಾದುದೇನಾದರೂ ನಷ್ಟವಾಗುವುದೇ ಎಂಬುದು ವಿಚಾರಿಸತಕ್ಕ ವಿಷಯ.

ಪೂರ್ವಪಕ್ಷವು ದುರ್ಬಲವಾದುದಲ್ಲ. ಲೋಕವು ವಿಶಾಲವಾದುದು, ಓದುಗನ ವೇಳೆ ಅಲ್ಪವಾದುದು. ಗುರುತಿಲ್ಲದ ಸರಕನ್ನು ಸಂತೆಯಲ್ಲಿ ಯಾರೂ ಕೇಳುವುದಿಲ್ಲ. ತೋಪುತೆನೆಯ ಸೆರಗನ್ನು ಕಂಡೊಡನೆ ಇದು ಇಳಕಲ್ಲಿನ ಸೀರೆಯೆಂದು ಹೆಂಗಸರು ಹೇಳುತ್ತಾರೆ. ಚನ್ನಪಟ್ಟಣದ ಬೊಂಬೆಯನ್ನು ದೂರದಿಂದಲೇ ಮಕ್ಕಳು ಗುರುತಿಸುತ್ತಾರೆ. ಇಂತಹ ಹೆಸರುಗಳು ಮೋಸವಲ್ಲ. ಇಂತಹ ಗುಣವನ್ನು ಇಲ್ಲಿ ನಿರೀಕ್ಷಿಸಬಹುದೆಂಬ ಭಾಷೆ ಅವುಗಳಲ್ಲಿದೆ. ಲೇಖಕನು ಅಂತಹ ಭಾಷೆಯನ್ನು ಕೊಟ್ಟರೆ ತಪ್ಪೇನು? ಅಲ್ಲದೆ, ‘ನೀನು ನೀನಾಗಿಯೇ ಇರು’ ಎಂದು ಹೇಳುವುದು ಸುಲಭ. ಆ ‘ನೀನು’ ಯಾರು? ಒಬ್ಬನೇ ಮನುಷ್ಯನು ತಾಯಿಯ ಮುಂದೆ ಮಗನಾಗಿ, ತರಗತಿಯಲ್ಲಿ ಗುರುವಾಗಿ, ಗೆಳೆಯರ ನಡುವೆ ವಿನೋದಗಾರನಾಗಿ ಬೇರೆ ಬೇರೆ ಮಾತನ್ನಾಡುತ್ತಾನೆ. ಇವುಗಳಲ್ಲಿ ನಿಜವಾದುದು ಯಾವುದು, ವೇಷವು ಯಾವುದು? ಮತ್ತು, ‘ನಾನು ಸರಳ, ನನಗೆ ವೇಷವಿಲ್ಲ’ ಎಂದು ಸಾರಿಕೊಳ್ಳುವವನು ಆ ಸರಳತೆಯನ್ನೇ ತನ್ನ ಗುರುತಾಗಿ ಮಾರುತ್ತಿರುವುದೂ ಉಂಟಷ್ಟೆ. ಈ ಆಕ್ಷೇಪಗಳಿಗೆಲ್ಲ ಸಮಾಧಾನವನ್ನು ಹೇಳದೆ ಹೊಸ ಪದ್ಧತಿಯನ್ನು ಹಳಿಯುವುದು ನ್ಯಾಯವಾಗದು.

ಮೊದಲು ಶಬ್ದವನ್ನೇ ನೋಡಬಹುದು. ಬ್ರ್ಯಾಂಡೆಂಬ ಇಂಗ್ಲಿಷ್ ಶಬ್ದದ ಮೂಲಾರ್ಥವು ಸುಡುವುದಕ್ಕೆ ಸಂಬಂಧಿಸಿದ್ದು. ಕಾದ ಕಬ್ಬಿಣದಿಂದ ದನಗಳ ಮೈಮೇಲೆ ಒತ್ತುತ್ತಿದ್ದ ಮುದ್ರೆಗೂ ಅದೇ ಹೆಸರು. ಆ ಮುದ್ರೆಯು ದನದ ಸ್ವಭಾವವನ್ನು ತಿಳಿಸುತ್ತಿರಲಿಲ್ಲ. ದನವು ಯಾರದು ಎಂಬುದನ್ನು ಮಾತ್ರ ತಿಳಿಸುತ್ತಿತ್ತು. ನಮ್ಮ ಕಡೆಯಲ್ಲಿಯೂ ಮುದ್ರೆಯ ಅರ್ಥವು ಅದೇ. ಆಷಾಢ ಶುದ್ಧ ಏಕಾದಶಿಯ ದಿವಸ ಉಡುಪಿಯಲ್ಲಿ ತಪ್ತಮುದ್ರೆಯನ್ನು ಧರಿಸುವ ಭಕ್ತನು ಶಂಖಚಕ್ರಗಳ ಚಿಹ್ನೆಯಿಂದ ತನ್ನ ಹಿರಿಮೆಯನ್ನು ತೋರಿಸಿಕೊಳ್ಳುವುದಿಲ್ಲ. ತಾನು ವಿಷ್ಣುವಿಗೆ ಸೇರಿದವನೆಂದು ಒಪ್ಪಿಕೊಳ್ಳುತ್ತಾನೆ. ವಚನಕಾರರ ಅಂಕಿತವೂ ಹಾಗೆಯೇ. ಬಸವಣ್ಣನವರ ವಚನದ ಕೊನೆಯಲ್ಲಿ ಕಾಣುವುದು ಕೂಡಲಸಂಗಮದೇವನ ಹೆಸರು. ಅಲ್ಲಮಪ್ರಭುವಿನ ವಚನದಲ್ಲಿ ಗುಹೇಶ್ವರನದು. ಅಕ್ಕಮಹಾದೇವಿಯ ವಚನದಲ್ಲಿ ಚೆನ್ನಮಲ್ಲಿಕಾರ್ಜುನನದು. ಮಾತು ತನ್ನ ಬಾಯಿಂದ ಹೊರಟರೂ ಒಡೆತನವು ತನ್ನದಲ್ಲವೆಂಬ ಭಾವವೇ ಅಲ್ಲಿಯ ಸಹಿ. ಹಾಗಾದರೆ ಹೊಸ ಮುದ್ರೆಯನ್ನು ಧರಿಸುವವನನ್ನೂ ಕೇಳಬೇಕಾದ ಪ್ರಶ್ನೆಯು ಒಂದೇ: ಇದು ಯಾರ ಮುದ್ರೆ? ತನ್ನ ಮುದ್ರೆಗೆ ತಾನೇ ಯಜಮಾನನೆಂದು ಅವನು ನಂಬಿರುತ್ತಾನೆ. ಆದರೆ ನೋಡುವವರು ಮೆಚ್ಚುವಂತೆ ಅದನ್ನು ಆರಿಸಿ, ಅವರು ಮೆಚ್ಚುವವರೆಗೆ ಇಟ್ಟುಕೊಂಡು, ಅವರು ಬೇಸತ್ತಾಗ ಬದಲಾಯಿಸಬೇಕಾದರೆ ಯಜಮಾನರು ಅವರೇ; ಇವನು ಬರೆ ಹಾಕಿಸಿಕೊಂಡ ಪಶು.

ತನ್ನ ಹೆಸರನ್ನೇ ಇಡುವುದು ತಪ್ಪೆಂದು ಇದರ ತಾತ್ಪರ್ಯವಲ್ಲ. ಅದೇ ವಚನಕಾರರ ನಡುವೆ ಅಂಬಿಗರ ಚೌಡಯ್ಯನು ದೇವರ ಹೆಸರನ್ನಿಡದೆ ತನ್ನ ಕುಲಕಸುಬಿನೊಡನೆ ಕೂಡಿದ ಹೆಸರನ್ನೇ ಅಂಕಿತವಾಗಿ ಇರಿಸಿದನು. ಇದನ್ನು ಅಹಂಕಾರವೆಂದು ಕರೆಯಲಾಗದು. ಆತನ ಮಾತು ಕೇಳುವವರನ್ನು ಓಲೈಸುವುದಲ್ಲ, ಚುಚ್ಚುವುದು. ಹೆಸರನ್ನು ಕೊನೆಯಲ್ಲಿ ಇಡುವುದರ ಅರ್ಥವು, ಈ ಕಠೋರವಾದ ಮಾತಿಗೆ ಹೊಣೆಗಾರನು ಇಂತಹವನೆಂದು ಎದೆಗೊಟ್ಟು ನಿಲ್ಲುವುದು. ಹೆಸರು ಹೊಣೆಯ ಗುರುತಾದಾಗ ಅದು ಸತ್ಯಕ್ಕೆ ಸಹಾಯಕವೇ ಆಗುತ್ತದೆ.

ಹೆಸರನ್ನು ಮರೆಮಾಡಿದವನೂ ತಾನಾಗಿಯೇ ಉಳಿಯಬಹುದೆಂಬುದಕ್ಕೆ ಮುದ್ದಣನಿಗಿಂತ ಉತ್ತಮವಾದ ಉದಾಹರಣೆ ಕನ್ನಡದಲ್ಲಿ ದೊರೆಯಲಾರದು. ಇಂದಿನ ಉಡುಪಿ ಜಿಲ್ಲೆಗೆ ಸೇರಿದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಶಾಲೆಯ ಹುಡುಗರಿಗೆ ವ್ಯಾಯಾಮವನ್ನು ಕಲಿಸುವ ಬಡ ಉಪಾಧ್ಯಾಯನಾಗಿದ್ದನು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವನು ಅದ್ಭುತ ರಾಮಾಯಣ, ಶ್ರೀರಾಮಪಟ್ಟಾಭಿಷೇಕ, ಶ್ರೀರಾಮಾಶ್ವಮೇಧಗಳನ್ನು ರಚಿಸಿ, ಅವು ತನ್ನವೆಂದು ಹೇಳಿಕೊಳ್ಳದೆ, ಹಿಂದಿನ ಕಾಲದ ಕವಿಯೊಬ್ಬನ ಗ್ರಂಥಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದನು. ಹಳೆಯದಕ್ಕಿದ್ದ ಗೌರವವು ಹೊಸಬನಿಗೆ ದೊರೆಯದೆಂಬ ಅಳುಕು ಅವನಿಗಿದ್ದಿರಬಹುದು. 1901ರಲ್ಲಿ, ಮೂವತ್ತೊಂದು ವರ್ಷದ ಪ್ರಾಯದಲ್ಲಿಯೇ, ಅವನು ಕ್ಷಯರೋಗದಿಂದ ತೀರಿಕೊಂಡನು. ಮುದ್ದಣನೆಂಬವನು ಈ ಉಪಾಧ್ಯಾಯನೇ ಎಂಬುದು ಲೋಕಕ್ಕೆ ನಿಶ್ಚಯವಾದದ್ದು ಆ ಬಳಿಕ.

ಈ ಮನುಷ್ಯನು ಲೋಕವನ್ನು ವಂಚಿಸಿದನೆಂದು ಯಾರಾದರೂ ಹೇಳಬಹುದು. ಆದರೆ ರಾಮಾಶ್ವಮೇಧವನ್ನು ತೆರೆದು ನೋಡಿದರೆ ಅಲ್ಲಿ ಕಾಣುವುದೇನು? ಕಥೆಯನ್ನು ಹೇಳುವ ಗಂಡ, ಕೇಳುವ ಹೆಂಡತಿ ಮನೋರಮೆ. ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಎಂಬ ಚರ್ಚೆ. ಪಾಂಡಿತ್ಯವು ಹೆಚ್ಚಾದಾಗ ಅವಳ ಪರಿಹಾಸ್ಯ. ಅವನ ಸೋಲು, ಅವಳ ಮುನಿಸು, ಇಬ್ಬರ ನಗೆ. ಇಂತಹ ಸಲಿಗೆಯ ಮಾತು ಕನ್ನಡ ಗದ್ಯದಲ್ಲಿ ಅದಕ್ಕೆ ಮುಂಚೆ ವಿರಳ. ಹೆಸರನ್ನು ಹಳೆಯ ಕಾಲದ ಹೊದಿಕೆಯಲ್ಲಿ ಮುಚ್ಚಿದವನು ತನ್ನ ಹೃದಯವನ್ನು ಮುಚ್ಚಲಿಲ್ಲ. ಕಾಣಿಸಿಕೊಳ್ಳಬೇಕೆಂಬ ಹಂಬಲವಿಲ್ಲದುದರಿಂದಲೇ ಆ ಹೃದಯವು ಅಷ್ಟು ಸಲೀಸಾಗಿ ಕಾಣಿಸಿಕೊಂಡಿತೆನ್ನಬಹುದು. ಇದಕ್ಕೆ ವಿಪರೀತವಾಗಿ, ತನ್ನ ಭಾವಚಿತ್ರವನ್ನೂ ದಿನಚರಿಯನ್ನೂ ನಿತ್ಯವೂ ಲೋಕಕ್ಕೆ ತೋರಿಸುವವನು ತನ್ನನ್ನು ತಾನು ತೋರಿಸಿಯೇ ಇಲ್ಲದಿರಬಹುದು.

ಗುರುತು ಒಮ್ಮೆ ಅಂಟಿಕೊಂಡ ಮೇಲೆ ಅದನ್ನು ಕಳಚುವುದು ಎಷ್ಟು ಕಷ್ಟವೆಂಬುದನ್ನು ಫ್ರಾನ್ಸಿನ ಕಾದಂಬರಿಕಾರನಾದ ರೊಮೇನ್ ಗ್ಯಾರಿಯ ವೃತ್ತಾಂತದಿಂದ ತಿಳಿಯಬಹುದು. ಅವನು ಯುದ್ಧದಲ್ಲಿ ವಿಮಾನದಳದ ಸೈನಿಕನಾಗಿ, ಆಮೇಲೆ ರಾಯಭಾರದ ಅಧಿಕಾರಿಯಾಗಿ, ಲೇಖಕನಾಗಿ ಪ್ರಸಿದ್ಧನಾದವನು. ಆ ದೇಶದ ಗೊಂಕೂರ್ ಎಂಬ ದೊಡ್ಡ ಬಹುಮಾನವು 1956ರಲ್ಲಿ ಅವನಿಗೆ ಬಂದಿತ್ತು. ಆದರೆ ವಿಮರ್ಶಕರು ಅವನ ಹೆಸರನ್ನು ಕಂಡೊಡನೆ, ಒಳಗಿರುವುದೇನೆಂಬುದು ತಮಗೆ ಮೊದಲೇ ಗೊತ್ತೆಂಬಂತೆ ವರ್ತಿಸತೊಡಗಿದರು. ಅವರು ಕಟ್ಟಿದ ಆ ಮುಖದಿಂದ ಬೇಸತ್ತು ಅವನು ಎಮಿಲ್ ಅಝಾರ್ ಎಂಬ ಬೇರೊಂದು ಹೆಸರಿನಲ್ಲಿ ಬರೆದನು. ಒಬ್ಬ ಲೇಖಕನಿಗೆ ಒಮ್ಮೆ ಮಾತ್ರ ಸಲ್ಲತಕ್ಕ ಆ ಬಹುಮಾನವು, ಇಬ್ಬರೂ ಒಬ್ಬನೇ ಎಂಬುದು ತಿಳಿಯದುದರಿಂದ, 1975ರಲ್ಲಿ ಅಝಾರನಿಗೂ ಬಂದಿತು. ಆಗ ಹೊಸ ಹೆಸರಿಗೂ ಒಂದು ಮುಖವು ಬೇಕಾಯಿತು. ಬಂಧುವೊಬ್ಬನು ಅಝಾರನೆಂದು ಲೋಕದ ಮುಂದೆ ನಿಲ್ಲಬೇಕಾಯಿತು. ಬಿಡುಗಡೆಗಾಗಿ ತೆಗೆದುಕೊಂಡ ಹೆಸರೇ ಎರಡನೆಯ ಬಂಧನವಾಯಿತು. 1980ರ ಡಿಸೆಂಬರಿನಲ್ಲಿ ಗ್ಯಾರಿಯು ತೀರಿಕೊಂಡು, 1981ರಲ್ಲಿ ಅವನ ಬರೆಹವೊಂದು ಅಚ್ಚಾದ ಮೇಲೆಯೇ ಸಂಗತಿಯು ಎಲ್ಲರಿಗೂ ತಿಳಿಯಿತು. ಪ್ರತಿಭಾವಂತನಿಗೇ ಇಷ್ಟು ತೊಡಕಾದರೆ, ಬರೆಯತೊಡಗುವ ಮುಂಚೆಯೇ ಮುಖವನ್ನು ಕಟ್ಟಿಕೊಳ್ಳುವ ಎಳೆಯರ ಗತಿಯೇನು?

ಶಾಸ್ತ್ರವು ಈ ದೋಷಕ್ಕೆ ಇಟ್ಟಿರುವ ಹೆಸರು ದಂಭ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಸಂಪತ್ತನ್ನು ಎಣಿಸುವಾಗ ಮೊದಲು ಬರುವುದು ಅದೇ. ಶಂಕರಾಚಾರ್ಯರು ಅದನ್ನು ಧರ್ಮಧ್ವಜಿತ್ವವೆಂದು, ಎಂದರೆ ಧರ್ಮವನ್ನು ಬಾವುಟವಾಗಿ ಎತ್ತಿ ಹಿಡಿಯುವುದೆಂದು, ವ್ಯಾಖ್ಯಾನಿಸಿದ್ದಾರೆ. ಹದಿಮೂರನೆಯ ಅಧ್ಯಾಯದಲ್ಲಿ, ತನ್ನ ಧರ್ಮವನ್ನು ಪ್ರಕಟಪಡಿಸಿಕೊಳ್ಳುವುದೇ ದಂಭವೆಂದಿದ್ದಾರೆ. ಇಲ್ಲಿ ಸೂಕ್ಷ್ಮವೊಂದುಂಟು. ಇಲ್ಲದ ಗುಣವನ್ನು ಇದೆಯೆಂದು ತೋರಿಸುವುದು ಮಾತ್ರವೇ ದಂಭವೆಂದು ಆಚಾರ್ಯರು ಹೇಳಲಿಲ್ಲ. ಇರುವ ಗುಣವೂ ಪ್ರದರ್ಶನಕ್ಕೆ ಹೊರಟೊಡನೆ ಕೆಡುತ್ತದೆ. ಮಹಾಬಲಿಪುರದ ಬಂಡೆಯ ಶಿಲ್ಪದಲ್ಲಿ, ತಪಸ್ವಿಯ ಹಾಗೆ ಕೈಗಳನ್ನು ಮೇಲೆತ್ತಿ ನಿಂತ ಬೆಕ್ಕು, ಅದರ ಸುತ್ತ ಇಲಿಗಳು ಇವೆಯಷ್ಟೆ. ಆ ಬೆಕ್ಕಿನ ಕಪಟವು ನೋಡಿದವರಿಗೆಲ್ಲ ತಿಳಿಯುತ್ತದೆ. ನಿಜವಾದ ತಪಸ್ವಿಯು ಇಲಿಗಳನ್ನು ಎಣಿಸತೊಡಗಿದಾಗ ಆಗುವ ಹಾನಿಯು ತಿಳಿಯುವುದು ಅಷ್ಟು ಸುಲಭವಲ್ಲ.

ಒಬ್ಬ ತರುಣನು ತನ್ನ ಅಜ್ಜಿಯನ್ನು ಕುರಿತು ನಾಲ್ಕು ಪುಟಗಳನ್ನು ಪ್ರೀತಿಯಿಂದ ಬರೆದನೆಂದು ಭಾವಿಸಬಹುದು. ಅದು ಸತ್ಯವಾದ ಬರೆಹವೇ, ಓದಿದವರು ಮೆಚ್ಚಿದರು. ಅಜ್ಜಿಯ ಕಥೆಗಾರನೆಂದು ಅವನಿಗೆ ಹೆಸರಾಯಿತು. ಎರಡನೆಯ ಸಲ ಊರಿಗೆ ಹೋದಾಗ ಅವನು ಅಜ್ಜಿಯ ಮಗ್ಗುಲಲ್ಲಿ ಕುಳಿತು ಅವಳ ಮಾತನ್ನು ಕೇಳುತ್ತಾನೆ. ಆದರೆ ಈ ಸಲ ಒಳಗಿನ ಕಿವಿಯೊಂದು, ಯಾವ ಮಾತು ಬರೆಹಕ್ಕೆ ಒದಗುವುದೆಂದು ಆರಿಸುತ್ತಿರುತ್ತದೆ. ಅವಳು ಮುನಿದು ಆಡಿದ ಕಟುವಾದ ಮಾತನ್ನು ಅವನು ಬಿಟ್ಟುಬಿಡುತ್ತಾನೆ, ಅದು ಲೋಕವು ಬಲ್ಲ ಆ ಅಜ್ಜಿಗೆ ಒಪ್ಪುವುದಿಲ್ಲ. ಕೊನೆಗೆ ಅಜ್ಜಿಯು ತೀರಿಕೊಂಡ ರಾತ್ರಿ, ಅತ್ತು ಮುಗಿಯುವ ಮುಂಚೆಯೇ ಅವನ ಮನಸ್ಸು ವಾಕ್ಯಗಳನ್ನು ಹೊಸೆಯತೊಡಗುತ್ತದೆ. ಇವನು ಯಾರಿಗೂ ಸುಳ್ಳು ಹೇಳಿಲ್ಲ. ಆದರೂ ಅಜ್ಜಿಯನ್ನು ಎರಡು ಸಲ ಕಳೆದುಕೊಂಡಿದ್ದಾನೆ. ಮುದ್ರೆಗೆ ತೆರಬೇಕಾದ ಬೆಲೆಯು ಇದೇ.

ಈಗ ಪೂರ್ವಪಕ್ಷಕ್ಕೆ ಉತ್ತರವನ್ನು ಹೇಳಬಹುದು. ಇಳಕಲ್ಲಿನ ಸೀರೆಯು ಕೊಟ್ಟ ಭಾಷೆಯು ಸೀರೆಗೆ ಸಲ್ಲುತ್ತದೆ. ನಿನ್ನೆಯಂತೆಯೇ ಇಂದೂ ಇರುವುದು ಸೀರೆಯ ಗುಣ. ನಿನ್ನೆಗಿಂತ ಇಂದು ಹೆಚ್ಚು ತಿಳಿಯುವುದು ಮನುಷ್ಯನ ಗುಣ. ತಾನು ಹಿಂದೆ ಹೇಳಿದ್ದು ತಪ್ಪೆಂದು ಕಂಡಾಗ ಹಾಗೆಂದು ಹೇಳುವ ಸ್ವಾತಂತ್ರ್ಯವು ಬರೆಯುವವನಿಗೆ ಪ್ರಾಣಸಮಾನ. ಮಾಲು ಬದಲಾಯಿತೆಂದು ಗಿರಾಕಿಗಳು ದೂರುವರೆಂಬ ಭಯವು ಆ ಸ್ವಾತಂತ್ರ್ಯವನ್ನು ಕಸಿದುಕೊಳ್ಳುತ್ತದೆ. ‘ನೀನು ಯಾರು’ ಎಂಬ ಪ್ರಶ್ನೆಗೂ ಹೀಗೆಯೇ ಸಮಾಧಾನ. ತಾನೆಂಬುದು ಪೆಟ್ಟಿಗೆಯೊಳಗಿನ ಆಭರಣದಂತೆ ಸಿದ್ಧವಾಗಿ ಒಳಗಿದ್ದು, ಹೊರತೆಗೆದು ತೋರಿಸತಕ್ಕ ವಸ್ತುವಲ್ಲ. ಮಗನಾಗಿ, ಗುರುವಾಗಿ, ಗೆಳೆಯನಾಗಿ ಆಡಿದ ಮಾತುಗಳು ಬೇರೆಯಾದರೂ ಅವೆಲ್ಲಕ್ಕೂ ಹೊಣೆಯಾಗಿ ನಿಲ್ಲುವವನು ಒಬ್ಬನಿದ್ದರೆ, ಅವನೇ ತಾನು. ಆದುದರಿಂದ ಸಭೆಗೆ ತಕ್ಕ ಉಡುಪು ವೇಷವಲ್ಲ. ಸತ್ಯವನ್ನು ನುಡಿಯಬೇಕಾದಾಗ ಬಾಯಿಯನ್ನು ಕಟ್ಟುವ ಉಡುಪು ವೇಷ. ಸರಳತೆಯನ್ನು ಸಾರಿಕೊಳ್ಳುವವನಿಗೂ ಇದೇ ಒರೆಗಲ್ಲು.

ಒರೆಗೆ ಹಚ್ಚುವ ಬಗೆಯೂ ಕಷ್ಟವಾದುದಲ್ಲ. ತನ್ನ ಹೆಸರಿಗೆ ಒಪ್ಪದ ಮಾತು ನಿಜವೆಂದು ತೋರಿದಾಗ ಅದನ್ನು ಬರೆಯಬಲ್ಲನೆ? ಹೆಸರಿಲ್ಲದೆ ಅಚ್ಚಾಗುವ ಬರೆಹವನ್ನೂ ಅಷ್ಟೇ ಶ್ರದ್ಧೆಯಿಂದ ತಿದ್ದಬಲ್ಲನೆ? ಬರೆಯಲು ಏನೂ ಇಲ್ಲದ ತಿಂಗಳಿನಲ್ಲಿ ಸುಮ್ಮನಿರಬಲ್ಲನೆ? ಈ ಮೂರಕ್ಕೂ ಹೌದೆನ್ನುವವನು ದೊಡ್ಡ ಹೆಸರನ್ನು ಪಡೆದರೂ ಹಾನಿಯಿಲ್ಲ, ಅದು ಅವನ ನೆರಳಾಗಿ ಹಿಂದೆ ಬರುತ್ತದೆ. ಅಲ್ಲವೆನ್ನುವವನಿಗೆ ಹೆಸರಿಲ್ಲದಿದ್ದರೂ ಅವನು ಆಗಲೇ ನೆರಳಿನ ಹಿಂದೆ ಹೊರಟವನು.

ಮನೆಯಲ್ಲಿ ಬರೆಯುವ ಮಕ್ಕಳಿರುವ ಹಿರಿಯರು, ‘ಎಷ್ಟು ಜನರು ಓದಿದರು?’ ಎಂದು ಕೇಳುವುದು ಸಹಜ. ಅದಕ್ಕಿಂತ ಮೊದಲು, ‘ನೀನು ಏನನ್ನು ಕಂಡೆ?’ ಎಂದು ಕೇಳುವುದು ಲೇಸು. ಮೊದಲನೆಯ ಪ್ರಶ್ನೆಗೆ ಉತ್ತರವಾಗಿ ಮಗುವು ಸಂಖ್ಯೆಯನ್ನು ಹುಡುಕುತ್ತದೆ. ಎರಡನೆಯದಕ್ಕೆ ಉತ್ತರವನ್ನು ಹೇಳಬೇಕಾದರೆ ಅದು ಇನ್ನೊಮ್ಮೆ ಕಿಟಕಿಯಿಂದ ಹೊರಗೆ ನೋಡಬೇಕಾಗುತ್ತದೆ.