ಕಾಲಕ್ಕೆ ಅಂಜದ ಮಗು

ಶಿವಶರಣರಿಗೆ ದಿನಗಳಲ್ಲಿ ಮೇಲುಕೀಳೆಂಬ ಭೇದವಿರಲಿಲ್ಲ. ತಿಥಿವಾರಗಳಲ್ಲಿ ಶುಭಾಶುಭಗಳನ್ನರಸಿ ಅಳುಕುವ ಮನಸ್ಸನ್ನು ಬಸವಣ್ಣನವರು ಒಪ್ಪಲಿಲ್ಲ. ಆದರೂ ಅವರ ವಚನಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮನೆಗಳಲ್ಲಿಯೇ, ಅಮಾವಾಸ್ಯೆಯಂದು ಹೊರಗೆ ಹೋಗಬೇಡ, ಮುಸ್ಸಂಜೆಯಲ್ಲಿ ಹುಣಿಸೆಯ ಮರದತ್ತ ಸುಳಿಯಬೇಡ ಎಂಬ ಗದರಿಕೆಯೂ ಕೇಳಿಬರುವುದುಂಟು. ಮಗುವಿನ ಎದೆಯಲ್ಲಿ ನಿಲ್ಲುವುದು ವಚನವಲ್ಲ, ಗದರಿಕೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು, ಶರಣಬಸವೇಶ್ವರರು ದಾಸೋಹ ನಡೆಸಿದ ಕಲಬುರಗಿಯ ಸಮೀಪದಲ್ಲಿಯೇ, ಅಂಗವೈಕಲ್ಯ ನೀಗುವುದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ ವಾರ್ತೆಯನ್ನು ನಾಡು ಓದಿತು. ಹೆತ್ತವರಲ್ಲಿ ಪ್ರೀತಿಯ ಕೊರತೆಯಿರಲಿಲ್ಲ, ಅರಿವಿನ ಕೊರತೆಯಿತ್ತು.

ಕಾಲದ ಗತಿಯನ್ನು ಮಗುವಿಗೆ ಮೊದಲು ತೋರಿಸಬೇಕಾದುದು ಪಂಚಾಂಗದಲ್ಲಲ್ಲ, ಅಂಗಳದಲ್ಲಿ. ದೇವನಹಳ್ಳಿಯ ಸದ್ಗೃಹಸ್ಥರು ಮನೆಯ ಮುಂದೆ ಒಂದು ಮೊಳದ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಸಾಕು. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂಕಾಲು ಗಂಟೆಗೆ ಅದರ ನೆರಳು ಉತ್ತರಕ್ಕೆ, ನಂದಿಬೆಟ್ಟದ ಕಡೆಗೆ, ಮುಕ್ಕಾಲು ಮೊಳ ಚಾಚಿರುತ್ತದೆ. ದಿನಗಳೆದಂತೆ ಅದು ಕುಗ್ಗಿ, ಏಪ್ರಿಲ್ 24ರ ಸುಮಾರಿಗೆ ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಅಲ್ಲಿಂದ ಮುಂದೆ ನೆರಳು ದಕ್ಷಿಣಕ್ಕೆ ಹೊರಳಿ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಮಾಯವಾಗುತ್ತದೆ. ಐದು ವರ್ಷದ ಮಗುವೂ ಸುಣ್ಣದಿಂದ ಗುರುತು ಹಾಕಬಲ್ಲದು. ಕಾರಣವನ್ನು ಹೇಳುವ ಆತುರ ಬೇಡ. ಮಗು ತಾನಾಗಿ ಕೇಳುವವರೆಗೆ ತಾಳಬೇಕು.

ಕೇಳಿದಾಗ, ಊರಿಗೆ ಹೆಸರು ತಂದ ಚಕ್ಕೋತವೇ ಭೂಮಂಡಲವಾಗಲಿ. ಹಣ್ಣಿಗೆ ಕಡ್ಡಿಯೊಂದನ್ನು ಚುಚ್ಚಿ, ತುಸು ಓರೆಯಾಗಿ ಹಿಡಿದು, ದೀಪದ ಮುಂದೆ ತಿರುಗಿಸಿದರೆ ಹಗಲಿರುಳುಗಳು ಕಾಣುತ್ತವೆ. ಕಡ್ಡಿಯ ತುದಿ ಸದಾ ಒಂದೇ ಗೋಡೆಯತ್ತ ಇರುವಂತೆ ದೀಪವನ್ನು ಸುತ್ತಿ ಬಂದರೆ ಋತುಗಳು ಕಾಣುತ್ತವೆ. ಸೂರ್ಯನು ಹತ್ತಿರ ಬಂದುದರಿಂದ ಬೇಸಗೆ ಎಂದು ಎಷ್ಟೋ ಹಿರಿಯರೂ ನಂಬಿದ್ದಾರೆ. ನಿಜವಾಗಿ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪವಿರುವುದು ಜನವರಿಯ ಮೊದಲಲ್ಲಿ: ಅವರೆಕಾಯಿಯ ಸೊಗಡಿನ ಕಾಲದಲ್ಲಿ, ಮಂಜು ಕವಿದು ವಿಮಾನಗಳು ತಡವಾಗುವ ಚಳಿಯ ಮುಂಜಾವುಗಳಲ್ಲಿ. ಋತುಭೇದಕ್ಕೆ ಕಾರಣ ಆ ಓರೆ, ಸುಮಾರು 23.5 ಅಂಶ. ಮಳೆಗಾಲದ ಕಥೆ ಬೇರೆ. ಅದರಲ್ಲಿ ಕಡಲಿಗೂ ಗಾಳಿಗೂ ಪಾಲುಂಟು. ಮಳೆಗಾಲದಲ್ಲಿ ಬಿತ್ತಿದ ರಾಗಿ ಕಾರ್ತಿಕ ಮಾರ್ಗಶಿರಗಳಲ್ಲಿ ಕುಯ್ಲಿಗೆ ಬರುವುದನ್ನು ಹೊಲದಲ್ಲಿಯೇ ತೋರಿಸುವುದು ಮೇಲು.

ಗ್ರಹಣಕ್ಕೆ ಒಂದು ನಿಂಬೆಹಣ್ಣು ಸಾಕು. ದೀಪಕ್ಕೂ ಚಕ್ಕೋತಕ್ಕೂ ನಡುವೆ ಅದನ್ನು ಹಿಡಿದರೆ ಸಣ್ಣ ನೆರಳೊಂದು ಹಣ್ಣಿನ ಮೇಲೆ ಹರಿದು ಹೋಗುತ್ತದೆ. ರಾಹುವೂ ಇಲ್ಲ, ಸೂತಕವೂ ಇಲ್ಲ. ಗ್ರಹಣಕಾಲದಲ್ಲಿಯೂ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂಬುದನ್ನು ಮಾತ್ರ ತಪ್ಪದೆ ಹೇಳಬೇಕು. ಅದು ಕಣ್ಣಿನ ರಕ್ಷಣೆಗಾಗಿ, ದೋಷದ ಭಯದಿಂದಲ್ಲ. ಬಳಿಕ ಆ ಚಕ್ಕೋತವನ್ನು ಸುಲಿದು ಮಕ್ಕಳಿಗೆ ಹಂಚಬಹುದು.