ಬಿಡುವು ಯಾರ ಹಕ್ಕು?

ಬಿಡುವೇ ಇಲ್ಲವೆಂದು ಹೇಳದವರು ಇಂದು ಯಾರಿದ್ದಾರೆ? ವ್ಯಾಪಾರಿ ಹೇಳುತ್ತಾನೆ, ನೌಕರ ಹೇಳುತ್ತಾನೆ. ಬೆಳಿಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಶನ್ ಎಂದು ಓಡುವ ಹತ್ತು ವರ್ಷದ ಮಗುವೂ ಹೇಳುತ್ತದೆ. ಆದರೆ ಬಿಡುವನ್ನು ಬಯಸಲು ನಮ್ಮೊಳಗೆ ಅಳುಕೂ ಇದೆ. ಇಹಲೋಕವು ಕರ್ಮಭೂಮಿ, ವಿಶ್ರಾಂತಿ ಕಬರ್‌ನಲ್ಲಿ ಸಿಕ್ಕೀತು ಎಂದು ಕೆಲವರು ಅಭಿಮಾನದಿಂದಲೇ ಹೇಳುತ್ತಾರೆ.

ಕೇಳಲು ಇದು ಭಕ್ತಿಯ ಮಾತಿನಂತಿದೆ. ಆದರೆ ಪ್ರವಾದಿವರ್ಯರ(ಸ) ಮಾದರಿಗೆ ಇದು ಹೊಂದುವುದಿಲ್ಲ. ಹಝ್ರತ್ ಅಬೂದರ್ದಾ(ರ)ರವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಬದುಕುತ್ತಿದ್ದರು. ಅವರ ಮನೆಗೆ ಬಂದ ಹಝ್ರತ್ ಸಲ್ಮಾನ್(ರ)ರವರು ಮನೆಯೊಡತಿಯ ಮಾಸಿದ ಉಡುಪನ್ನು ಕಂಡು ಕಾರಣ ವಿಚಾರಿಸಿದರು. ನಿಮ್ಮ ಸಹೋದರರಿಗೆ ಲೋಕದ ಗೊಡವೆಯೇ ಇಲ್ಲವೆಂದು ಆಕೆ ಉತ್ತರಿಸಿದರು. ಆತಿಥೇಯರು ಜೊತೆಗೆ ಉಣ್ಣದೆ ತಾನು ಉಣ್ಣುವುದಿಲ್ಲವೆಂದು ಸಲ್ಮಾನ್(ರ) ಹಟ ಹಿಡಿದರು. ರಾತ್ರಿ ನಮಾಝ್‌ಗೆ ಎದ್ದಾಗ ಮಲಗಲು ಹೇಳಿದರು. ಕೊನೆಯ ಜಾವದಲ್ಲಿ ಇಬ್ಬರೂ ಎದ್ದು ನಮಾಝ್ ಮಾಡಿದರು. ಪ್ರಭುವಿಗೆ ಹಕ್ಕಿರುವಂತೆ ನಿಮ್ಮ ದೇಹಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆಯೆಂದು ಸಲ್ಮಾನ್(ರ) ತಿಳಿಹೇಳಿದರು. ವಿಷಯ ತಲುಪಿದಾಗ ಪ್ರವಾದಿವರ್ಯರು(ಸ) ಸಲ್ಮಾನರ ಮಾತು ಸತ್ಯವೆಂದರು. ಬುಖಾರಿಯಲ್ಲಿ ವರದಿಯಾದ ಘಟನೆಯಿದು.

ಆಕಾಶ-ಭೂಮಿಗಳ ಸೃಷ್ಟಿಯಿಂದ ತನಗೆ ಆಯಾಸವೇ ತಟ್ಟಲಿಲ್ಲವೆಂದು ಅಲ್ಲಾಹನು ಕುರ್‌ಆನಿನಲ್ಲಿ ತಿಳಿಸಿದ್ದಾನೆ. ದಣಿವು ದಾಸನ ಲಕ್ಷಣ. ತಾನು ದಣಿಯುವುದೇ ಇಲ್ಲವೆಂದು ಮೆರೆಯುವವನು ತನಗಿಲ್ಲದ ಗುಣವನ್ನು ತನ್ನದೆನ್ನುತ್ತಿದ್ದಾನೆ. ಅನ್ನೂರ್ ಅಧ್ಯಾಯದ 58ನೇ ಸೂಕ್ತವನ್ನು ಗಮನಿಸಿ. ಫಜ್ರ್‌ಗೆ ಮುಂಚೆ, ಮಧ್ಯಾಹ್ನ ಉಡುಪು ಕಳಚಿಡುವ ವೇಳೆ, ಇಶಾದ ಬಳಿಕ, ಈ ಮೂರು ಹೊತ್ತು ಮನೆಯ ಸೇವಕರೂ ಮಕ್ಕಳೂ ಅನುಮತಿಯಿಲ್ಲದೆ ಒಳಬರಬಾರದು. ಮಧ್ಯಾಹ್ನದ ಒರಗುವಿಕೆಗೂ ಕಾನೂನಿನ ಕಾವಲು! ಇಂದು ಆ ಅನುಮತಿಯನ್ನು ಕೇಳದೆ ಒಳನುಗ್ಗುವುದು ಮಗುವಲ್ಲ, ಮೊಬೈಲ್. ಆರೋಗ್ಯ ಮತ್ತು ಬಿಡುವು ಎಂಬೆರಡು ಅನುಗ್ರಹಗಳಲ್ಲಿ ಬಹಳ ಜನ ನಷ್ಟ ಹೊಂದುತ್ತಾರೆಂಬ ಪ್ರವಾದಿ ವಚನವು ಅದನ್ನು ತಿಕ್ಕುತ್ತಾ ಕಳೆದ ರಾತ್ರಿಗಳಿಗೂ ಅನ್ವಯಿಸುತ್ತದೆ.

ಆದರೆ ಕಠಿಣ ಪ್ರಶ್ನೆ ಬೇರೆಯೇ ಇದೆ. ನಿಮ್ಮ ವಿಶ್ರಾಂತಿಯ ಬೆಲೆಯನ್ನು ತೆರುವವರು ಯಾರು? ಜುಮಾ ಮುಗಿಸಿ ಬಿರಿಯಾನಿ ಉಂಡು ನೀವು ಒರಗುವಾಗ ಪಾತ್ರೆಯ ಸದ್ದು ಎಲ್ಲಿಂದ ಬರುತ್ತದೆ? ಕರಾವಳಿಯಲ್ಲಿ ಇಂದಿಗೂ ಬೀಡಿ ಕಟ್ಟುವ ಮನೆಗಳಿವೆ. ಅಲ್ಲಿ ಸಾವಿರಕ್ಕಿಷ್ಟು ಎಂಬುದು ಕೂಲಿಯ ಲೆಕ್ಕ. ಅಡುಗೆ, ನೀರು, ಮಕ್ಕಳ ಕೆಲಸ ಮುಗಿಸಿ ಆಕೆ ಕುಳಿತಳೆಂದರೆ ಅದು ಮೊರದ ಮುಂದೆ. ಅದನ್ನು 'ಮನೆಯಲ್ಲಿ ಕುಳಿತಿದ್ದಾಳೆ' ಎನ್ನುತ್ತೇವೆ! ಇನ್ನು ರಮಝಾನ್: ಇಫ್ತಾರಿಗೆ ನಾಲ್ಕು ಬಗೆ ಬೇಕು, ತರಾವೀಹ್‌ನಿಂದ ಬರುವಾಗ ಊಟ ಬಿಸಿಯಿರಬೇಕು, ಸಹರಿಗೆ ಆಕೆಯೇ ಮೊದಲು ಏಳಬೇಕು. ಅವಳ ಕುರ್‌ಆನ್ ಪಾರಾಯಣಕ್ಕೆ ಉಳಿಯುವ ಹೊತ್ತೆಷ್ಟು?

ಅವಳೇನೂ ದೂರುವುದಿಲ್ಲವಲ್ಲ ಎಂದು ನೀವು ಹೇಳಬಹುದು. ಅಬೂದರ್ದಾ(ರ)ರವರ ಮಡದಿಯೂ ಅತಿಥಿಯ ಬಳಿ ದೂರು ಒಯ್ಯಲಿಲ್ಲ. ಅವರೇ ಕಂಡು ಕೇಳಿದರು, ಆಕೆ ಹೇಳಿದರು. ಇತರರ ಬಿಡುವನ್ನು ಕಸಿದು ಪಡೆದ ಬಿಡುವಿಗೆ ಸುನ್ನತ್‌ನ ಹೆಸರಿಡುವಂತಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದೂ ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರೆಂದೂ ತಿಳಿಸಿದವರು ಹಝ್ರತ್ ಆಯಿಶಾ(ರ). ಇನ್ನೊಂದನ್ನೂ ಅವರೇ ನೆನಪಿಸಿಕೊಂಡಿದ್ದಾರೆ. ಈದ್ ದಿನ ಹಬಶೀಯರು ಮಸೀದಿಯಲ್ಲಿ ಈಟಿ-ಗುರಾಣಿಗಳ ಆಟವಾಡುತ್ತಿದ್ದಾಗ ಪ್ರವಾದಿವರ್ಯರು(ಸ) ಅವರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು ತೋರಿಸಿದರು. ಸಾಕೆನ್ನುವ ನಿರ್ಧಾರ ಆಯಿಶಾ(ರ)ರದಾಗಿತ್ತು. ಅವರಿಗೆ ನೋಡಿ ದಣಿವಾಗುವವರೆಗೂ ಪ್ರವಾದಿವರ್ಯರು(ಸ) ಹಾಗೆಯೇ ನಿಂತಿದ್ದರು.